ಫಾಸ್ಫೋಕ್ರಿಯಾಟಿನ್ ಚೇತರಿಕೆ ದಿನಕ್ಕೊಂದು ಥರ ಯಾಕೆ?

ಪ್ರಶ್ನೆ: 3 ಟೆಸ್ಲಾ ಎಂಆರ್‌ಐ ಯಂತ್ರ, ಮೀನಖಂಡದ ಕೆಳಗೆ ಸರ್ಫೇಸ್ ಕಾಯಿಲ್ (ಮೈಗೆ ತಾಗಿಸಿಡುವ, ಸಿಗ್ನಲ್ ಹಿಡಿಯುವ ಸುರುಳಿ), ರಂಜಕ-31 ಸ್ಪೆಕ್ಟ್ರಮ್ (ಸ್ನಾಯುವಿನ ರಂಜಕ ಸಂಯುಕ್ತಗಳನ್ನು ಶಿಖರಗಳಾಗಿ ತೋರಿಸುವ ನಕ್ಷೆ), ಟಿಆರ್ (ಒಂದು ಅಳತೆಯಿಂದ ಮುಂದಿನದಕ್ಕೆ ಇರುವ ಅಂತರ) 2 ಸೆಕೆಂಡ್. ಪೆಡಲ್ ವ್ಯಾಯಾಮದ ನಂತರ ಅದೇ ವ್ಯಕ್ತಿಗೆ ಫಾಸ್ಫೋಕ್ರಿಯಾಟಿನ್ (ಸ್ನಾಯುವಿನ ತಕ್ಷಣದ ಶಕ್ತಿಯ ದಾಸ್ತಾನು) ಚೇತರಿಕೆಯ ಕಾಲಸ್ಥಿರಾಂಕ, ಅಂದರೆ ಅದು ಎಷ್ಟು ಬೇಗ ಮತ್ತೆ ತುಂಬುತ್ತೆ ಅನ್ನುವ ಅಳತೆ, ಒಮ್ಮೆ 32 ಸೆಕೆಂಡ್, ಇನ್ನೊಮ್ಮೆ 55. ಎಲ್ಲಿ ಎಡವುತ್ತಿದ್ದೇವೆ?

ಉತ್ತರ 1: ಮೊದಲು ವ್ಯಾಯಾಮದ ಕೊನೆಯಲ್ಲಿ ಸ್ನಾಯುವಿನ ಪಿಎಚ್ (ಇಳಿದಷ್ಟೂ ಆಮ್ಲತೆ ಹೆಚ್ಚು) ನೋಡಿ. ಅಜೈವಿಕ ಫಾಸ್ಫೇಟ್ ಶಿಖರ ಫಾಸ್ಫೋಕ್ರಿಯಾಟಿನ್‌ನಿಂದ 4.9 ಪಿಪಿಎಂ (ಸ್ಪೆಕ್ಟ್ರಮ್‌ನಲ್ಲಿ ಶಿಖರಗಳ ದೂರದ ಅಳತೆಮಾನ) ದೂರವಿದ್ದರೆ ಪಿಎಚ್ ಸುಮಾರು 7. ಅದು 4.5ಕ್ಕೆ ಸರಿದಿದ್ದರೆ 6.8ಕ್ಕಿಂತ ಇಳಿದಿದೆ ಅಂತ ಅರ್ಥ. ಆಮ್ಲತೆ ಹೆಚ್ಚಿದರೆ ಚೇತರಿಕೆ ತಾನಾಗಿಯೇ ನಿಧಾನ. ಅದನ್ನು ಮೈಟೋಕಾಂಡ್ರಿಯದ (ಜೀವಕೋಶದಲ್ಲಿ ಶಕ್ತಿ ತಯಾರಿಸುವ ಭಾಗ) ತಲೆಗೆ ಕಟ್ಟಬೇಡಿ. ಪೆಡಲ್ ಭಾರ ಇಳಿಸಿ, ಫಾಸ್ಫೋಕ್ರಿಯಾಟಿನ್ ಮೂರನೇ ಒಂದು ಭಾಗ ಕುಸಿದರೂ ಸಾಕು.

ಉತ್ತರ 2: ಮೊಣಕಾಲಿನ ಕೋನ ಎರಡೂ ದಿನ ಒಂದೇ ಇತ್ತಾ? ಮಡಚಿದರೆ ಕೆಲಸ ಮೀನಖಂಡದ ಒಳಗಿನ ಸ್ನಾಯು ಸೋಲಿಯಸ್‌ಗೆ ಹೋಗುತ್ತೆ, ಕಾಯಿಲ್ ಮಾತ್ರ ಸುಮ್ಮನಿರುವ ಹೊರಗಿನ ಸ್ನಾಯು ಗ್ಯಾಸ್ಟ್ರಾಕ್ನೀಮಿಯಸ್ಸನ್ನೇ ನೋಡ್ತಾ ಕೂತಿರುತ್ತೆ.

ಉತ್ತರ 3: ವ್ಯಾಯಾಮ ಮುಗಿದಾಗ ಸ್ಕ್ಯಾನ್ ನಿಲ್ಲಿಸಿ ಮತ್ತೆ ಶುರು ಮಾಡಬೇಡಿ. ಈ ಟಿಆರ್‌ನಲ್ಲಿ ಸ್ಯಾಚುರೇಶನ್ (ಸಿಗ್ನಲ್ ಪೂರ್ತಿ ಮರಳುವ ಮುನ್ನವೇ ಮತ್ತೆ ಅಳೆಯುವುದರಿಂದ ಅದು ಕುಗ್ಗುವುದು) ಬದಲಾಗಿ ಚೇತರಿಕೆಯ ಮೊದಲ ಬಿಂದುಗಳೇ ಕೆಡುತ್ತವೆ.