ಆರು ತಿಂಗಳಾದ್ರೂ ಪೂಲ್ ಕೈಗೆ ಹತ್ತುತ್ತಿಲ್ಲ, ಆಡಿ ನೋಡಿದೋರು ಹೇಳಿ

ಎಡಗೈ ಹುಡುಗ: ಆಫೀಸಲ್ಲಿ ಏಳಡಿ ಪೂಲ್ ಟೇಬಲ್ ಇದೆ, ಕೋಲಲ್ಲಿ ಬಿಳಿ ಚೆಂಡು ಹೊಡೆದು ಬೇರೆ ಚೆಂಡನ್ನ ಟೇಬಲ್ ಅಂಚಿನ ಪಾಕೆಟ್‌ಗೆ ಬೀಳಿಸೋ ಆಟ. ಊಟ ಆದ್ಮೇಲೆ ದಿನಾ ಅರ್ಧ ಗಂಟೆ ಆಡ್ತೀನಿ. ಎರಡಡಿ ದೂರದ ನೇರ ಚೆಂಡೂ ಹತ್ತರಲ್ಲಿ ಐದು ಸಲ ಪಾಕೆಟ್ ಬಾಯಿಗೆ ಬಡಿದು ವಾಪಸ್ ಬರುತ್ತೆ. ನಾನು ಎಡಗೈ, ಕನ್ನಡಕ ಮೈನಸ್ ನಾಲ್ಕು. ತಿಂಗಳಿಗೆ 1,500 ರೂಪಾಯಿ ಎತ್ತಿಡಬಹುದು. ಸ್ವಂತ ಕ್ಯೂ (ಹೊಡೆಯೋ ಕೋಲು) ತಗೊಳ್ಳಲಾ, ಕೋಚ್ ಹತ್ರ ಹೋಗಲಾ, ಪೂಲ್ ಪಾರ್ಲರ್‌ನಲ್ಲಿ ಒಬ್ಬನೇ ಟೇಬಲ್ ತಗೊಂಡು ಹೊಡೀಲಾ?

ಟಿಪ್ ಹಾರಿದವ: ಕ್ಯೂ ಮಾತ್ರ ತಗೋಬೇಡ ಗುರು. ನಾನು 2019ರಲ್ಲಿ ಎರಡು ತುಂಡಿನ ಮೇಪಲ್ ಕ್ಯೂ ತಗೊಂಡೆ, 14,500. ಕೇಸ್ ಬೇರೆ 1,800. ಮೊದಲ ವಾರ ದೇವರ ಪಟದ ಪಕ್ಕ ಇಟ್ಟಿದ್ದೆ, ಸುಳ್ಳಲ್ಲ. ಮೂರನೇ ತಿಂಗಳಿಗೆ ಟಿಪ್ (ಕ್ಯೂ ತುದಿಯ ಚರ್ಮದ ಬಿಲ್ಲೆ) ಅಂಚು ಅಣಬೆ ಥರ ಹರಡ್ಕೊಂತು. ಪಾರ್ಲರ್ ಹುಡುಗ ಬದಲಾಯಿಸಿಕೊಟ್ಟ, 350. ಎರಡೇ ವಾರಕ್ಕೆ ಬ್ರೇಕ್ (ಆಟದ ಮೊದಲ ಹೊಡೆತ) ಹೊಡೆಯೋವಾಗ ಅದು ಹಾರಿ ಪಕ್ಕದ ಟೇಬಲ್‌ನವರ ಟೀ ಲೋಟಕ್ಕೆ ಬಿತ್ತು. ಮತ್ತೆ 350. ಅಂಟು ಒಣಗೋಕೆ ಮುಂಚೆನೇ ಕೈಗೆ ಕೊಟ್ಟ, ಅದೂ ಹೋಯ್ತು. ಮೂರನೇ ಸಲ ಟಿಪ್ ಕೆಳಗಿನ ಬಿಳಿ ಬಳೆನ ಉಜ್ಜಿ ಉಜ್ಜಿ ಸೀಳು ಬಿಡಿಸಿದ. ಎರಡೂ ಸೇರಿ 1,200. ಅಷ್ಟೊತ್ತಿಗೆ ಏಪ್ರಿಲ್ ಬಂತು, ಕಾರಿನ ಡಿಕ್ಕೀಲಿ ಎರಡು ದಿನ ಮರೆತೆ. ಟೇಬಲ್ ಮೇಲೆ ಉರುಳಿಸಿ ನೋಡಿದ್ರೆ ತುದಿ ಎದ್ದು ಎದ್ದು ಬೀಳ್ತಿದೆ. ಬಾಗಿಹೋಗಿದೆ! ಒಟ್ಟು 18,200 ಗೋವಿಂದ. ಆಟ ಎಲ್ಲಿತ್ತೋ ಅಲ್ಲೇ ಇತ್ತು.

ಮಾರ್ಕರ್ ಮಗ, ಹುಬ್ಬಳ್ಳಿ: ಕ್ಯೂ ಮಾತು ಬಿಡ್ರಿ, ಟೇಬಲ್ ಬದಲ ಮಾಡ್ರಿ. ಪೂಲ್ ಕಲೀಬೇಕಂದ್ರ ಮೊದಲ ಸ್ನೂಕರ್, ಅಂದ್ರ ದೊಡ್ಡ ಟೇಬಲ್ಲಿನ ಇಂಥದ್ದ ಆಟ, ಆಡಬೇಕು. ನಮ್ಮಪ್ಪ ಕ್ಲಬ್ಬಿನಾಗ ಇಪ್ಪತ್ತಾರು ವರ್ಷ ಮಾರ್ಕರ್ (ಟೇಬಲ್ ನೋಡಿಕೊಂಡು ಅಂಕ ಬರಿಯಾಂವ) ಇದ್ದಾಂವ. ಮೆಂಬರ್‌ಗೋಳು ಮನೀಗೆ ಹ್ವಾದಮ್ಯಾಲೆ ಚೆಂಡು ಒರಸೋ ನೆವದಾಗ ನಾ ಹೊಡೀತಿದ್ದೆ. ಹನ್ನೆರಡಡಿ ಟೇಬಲ್, ಚೆಂಡು ಬರೇ 52.5 ಮಿಲಿಮೀಟರ್, ಪಾಕೆಟ್ ತುಟಿ ಒಳಗ ದುಂಡಗ ತಿರುಗಿರ್ತಾವ, ಕೂದಲೆಳೆ ತಪ್ಪಿದ್ರೂ ಹೊರಗ ಉಗಳ್ತಾವ. ಒಂದಿನ ಸ್ಕ್ರೂ (ಬಿಳಿ ಚೆಂಡು ತಗಲಿ ಹಿಂದಕ್ಕ ಬರೂ ಹೊಡತ) ಹೊಡ್ಯಾಕ ಹೋಗಿ ಟೇಬಲ್ ಬಟ್ಟಿ ಹರದೆ, ಮೂರು ಬಟ್ಟ ಅಗಲ. ಅಪ್ಪನ ಪಗಾರದಾಗ ನಾಲ್ಕು ತಿಂಗಳು ಹಿಡದ್ರು. ಅವ್ವ ಮಾತಾಡಲಿಲ್ಲ, ಅಪ್ಪ ಹೊಡೀಲಿಲ್ಲ, ಅದ ದೊಡ್ಡ ಶಿಕ್ಷಾ. ಅಲ್ಲಿಂದ ಪೂಲಿಗೆ ಬಂದ್ರ ಚೆಂಡು ಬಾವ್ಯಾಗ ಹಾಕಿದಂಗ ಆಗ್ತದ. ಸ್ವಂತ ಕ್ಯೂ ಇವತ್ತಿಗೂ ಇಲ್ಲ ನನ್ನ ಹತ್ರ.

ಒಂಬತ್ತನೇ ಚೆಂಡು: ಸ್ನೂಕರ್ ಮೊದಲು ಅನ್ನೋ ಈ ಮಾತು ನಂಬಿ ಎರಡು ವರ್ಷ ಕಳ್ಕೊಂಡವಳು ನಾನು. ಮೈಸೂರಲ್ಲಿ ಗಂಟೆಗೆ 240 ಕೊಟ್ಟು, ಹುಡುಗರು ಗುರಾಯಿಸೋದನ್ನ ಸಹಿಸ್ಕೊಂಡು ಆಡಿದೆ. ಒಂಬತ್ತೂವರೆ ಮಿಲಿಮೀಟರ್ ಟಿಪ್ ಅಭ್ಯಾಸ ಆಗಿ, ಪೂಲ್‌ಗೆ ಬಂದು ಹದಿಮೂರರ ಟಿಪ್ ಹಿಡಿದಾಗ ದೊಣ್ಣೆ ಹಿಡಿದಂಗಾಯ್ತು. ಪೂಲ್ ಚೆಂಡು 57 ಮಿಲಿಮೀಟರ್, ತೂಕ ಜಾಸ್ತಿ, ಬಟ್ಟೆ ಬೇರೆ. ಚೆಂಡು ಪಾಕೆಟ್‌ಗೆ ಬೀಳ್ತಿತ್ತು, ವೈಟ್ (ಕ್ಯೂನಿಂದ ಹೊಡೆಯೋ ಬಿಳಿ ಚೆಂಡು) ಮಾತ್ರ ಬೇಡದ ಕಡೆ ಹೋಗಿ ನಿಲ್ತಿತ್ತು.

ಕೊನೆಗೆ ಕೋಚ್ ಹತ್ರ ಹೋದೆ. ಹನ್ನೆರಡು ಕ್ಲಾಸ್, 9,600. ಮೊದಲ ನಾಲ್ಕು ಕ್ಲಾಸಲ್ಲಿ ಚೆಂಡೇ ಇಲ್ಲ. ಖಾಲಿ ಗಾಜಿನ ಬಾಟ್ಲಿ ಮಲಗಿಸಿ, ಅದರ ಕತ್ತಿನೊಳಗೆ ಗಾಜು ತಾಗದ ಹಾಗೆ ಕ್ಯೂ ಆಡಿಸಬೇಕು. 3,200 ರೂಪಾಯಿ ಬಾಟ್ಲಿಗೆ ಹೋಯ್ತು ಅಂತ ಅತ್ತಿದ್ದೆ. ಆಮೇಲೆ ಮೊಬೈಲಲ್ಲಿ ವಿಡಿಯೋ ತೆಗೆದು ತೋರಿಸಿದ್ರು: ವೈಟ್‌ಗೆ ಕ್ಯೂ ತಗಲೋ ಮುಂಚೆನೇ ನನ್ನ ತಲೆ ಮೇಲೆದ್ದಿತ್ತು! ಮುಂದಿನ ಕ್ಲಾಸೆಲ್ಲ ಒಂದೇ ಶಾಟ್. ನೇರ ಚೆಂಡು, ಹೊಡೆದ ಮೇಲೆ ವೈಟ್ ಅಲ್ಲೇ ನಿಲ್ಲಬೇಕು. ದೂರ ಹೆಚ್ಚಿದಂಗೆ ಇನ್ನೂ ಕೆಳಗೆ ಹೊಡೀಬೇಕು, ಇಲ್ಲದಿದ್ರೆ ಬಟ್ಟೆ ಮೇಲೆ ಜಾರ್ತಾ ಹೋಗೋ ವೈಟ್ ದಾರೀಲೇ ಉರುಳೋಕೆ ಶುರುವಾಗಿ, ತಗಲಿದ ಮೇಲೆ ಮುಂದೆ ಹೋಗುತ್ತೆ. ಇದು ಬಂದ್ಮೇಲೆ ಕೋನದ ಶಾಟಲ್ಲಿ ವೈಟ್ ಎಲ್ಲಿಗೆ ಹೋಗುತ್ತೆ ಅನ್ನೋದೂ ಬಂತು. ವೈಟ್ ಜಾರ್ತಾ ತಗಲಿದ್ರೆ ಆ ಇನ್ನೊಂದು ಚೆಂಡು ಹೋದ ದಾರಿಗೆ ಅಡ್ಡಡ್ಡ, 90 ಡಿಗ್ರಿ ಹೋಗುತ್ತೆ. ಉರುಳ್ತಾ ಹೋಗಿ ಚೆಂಡಿನ ಅರ್ಧ ಭಾಗಕ್ಕಷ್ಟೇ ತಗಲಿದ್ರೆ ತನ್ನ ದಾರಿಯಿಂದ ಸುಮಾರು 30 ಡಿಗ್ರಿ ತಿರುಗುತ್ತೆ. ಹಲವು ಸಲ ವಿಶ್ವ ಚಾಂಪಿಯನ್ ಆದ ಪಂಕಜ್ ಅಡ್ವಾಣಿ ಅಂಥವರೇ ಬೆಂಗಳೂರಲ್ಲಿ ಕೋಚ್ ಅರವಿಂದ್ ಸವೂರ್ ಹತ್ರ ಕಲಿತದ್ದು. ನಮಗೆ ಕೋಚ್ ಬೇಡ್ವಾ?

ಮಾರ್ಕರ್ ಮಗ, ಹುಬ್ಬಳ್ಳಿ: ಮೇಡಂ, ಅಡ್ವಾಣಿಯವರು ಆಡಿ ಬೆಳದದ್ದ ಬಿಲಿಯರ್ಡ್ಸ್, ಸ್ನೂಕರ್. ನನ್ನ ಮಾತನ್ನ ನೀವು ಹೇಳಿದ್ರಿ. ಬಾಟ್ಲಿ ತೋರಿಸಿ 3,200 ತಗೊಳ್ಳೂದು ಗೊತ್ತಿದ್ರ ನಮ್ಮಪ್ಪ ಬಂಗ್ಲೆ ಕಟ್ಟಸ್ತಿದ್ದ.

ಒಂಬತ್ತನೇ ಚೆಂಡು: ನಿಮ್ಮ ತಂದೆಯವರ ಬಗ್ಗೆ ನಾನೇನೂ ಹೇಳಿಲ್ಲ ಸರ್. ಪುಕ್ಕಟೆ ಟೇಬಲ್ ಸಿಕ್ಕವರಿಗೆ ದುಡ್ಡು ಕೊಟ್ಟು ಕಲಿತವರ ಕಷ್ಟ ಗೊತ್ತಾಗಲ್ಲ ಅಷ್ಟೆ.

ಮಾರ್ಕರ್ ಮಗ, ಹುಬ್ಬಳ್ಳಿ: ಪುಕ್ಕಟೆ? ನಾಲ್ಕು ತಿಂಗಳ ಪಗಾರ ಹಿಡದದ್ದು ಓದಲಿಲ್ಲೇನ್ರಿ?

ಓಹಾಯೋ ಕನ್ನಡಿಗ: ಇಬ್ಬರೂ ಸಮಾಧಾನ. ಇಲ್ಲಿ ಅಮೆರಿಕಾದಲ್ಲಿ ನಾನು ಎಪಿಎ (ಪೂಲ್ ಆಟಗಾರರ ಸಂಘ) ಲೀಗ್ ಸೇರಿದೆ, ಆಟ ಸುಧಾರಿಸಿದ್ದು ಅದರಿಂದಲೇ. ಎಂಟರ ಆಟದಲ್ಲಿ (8-ಬಾಲ್, ಕೊನೆಗೆ 8ನೇ ಚೆಂಡು ಹಾಕಿ ಗೆಲ್ಲೋದು) 2ರಿಂದ 7ರವರೆಗೆ ದರ್ಜೆ ಕೊಡ್ತಾರೆ, ಚೆನ್ನಾಗಿ ಆಡೋರಿಗೆ ಜಾಸ್ತಿ. ನನಗೆ 4 ಕೊಟ್ಟು ಶುರು ಮಾಡಿಸಿದ್ರು, ಸತತ ಸೋತು 3ಕ್ಕೆ ಇಳಿಸಿದ್ರು. ತಂಡದವರೆಲ್ಲ ಖುಷಿಯಿಂದ ಚಪ್ಪಾಳೆ ತಟ್ಟಿದ್ರು. ದರ್ಜೆ ಕಡಿಮೆಯಾದ್ರೆ ನಾನು ಗೆಲ್ಲಬೇಕಾದ ಆಟಗಳೂ ಕಡಿಮೆಯಾಗಬಹುದಲ್ಲ, ಅದಕ್ಕೆ. ಆ ರಾತ್ರಿ ಊಟ ಸೇರಲಿಲ್ಲ. ಮತ್ತೆ 4 ಆಗೋಕೆ ಹದಿನಾಲ್ಕು ತಿಂಗಳು ಹಿಡೀತು. ಗುರುವಾರ ರಾತ್ರಿ ಮನೆಗೆ ಬರೋದು ಹನ್ನೆರಡಾಗುತ್ತೆ, ಮನೆಯವಳು ಇವತ್ತಿಗೂ ಅದನ್ನ ಎತ್ತಿ ಆಡ್ತಾಳೆ. ಲೀಗ್ ಸೇರಿ.

ಟಿಪ್ ಹಾರಿದವ: ಅಣ್ಣಾ, ನಮ್ಮ ಏರಿಯಾದಲ್ಲಿ ಲೀಗ್ ಅಂದ್ರೆ ಸೋತವನು ಟೇಬಲ್ ದುಡ್ಡು ಕೊಡೋದು. ನಾನು ಎಂಟು ವರ್ಷದಿಂದ ಸೇರಿದೀನಿ.

ಓಹಾಯೋ ಕನ್ನಡಿಗ: ಹಹ್ಹಾ. ಅಲ್ಲಿ ಫೌಲ್ (ನಿಯಮ ಮೀರಿದ ಹೊಡೆತ) ಆದ್ರೆ ಈಗಲೂ ಎದುರಾಳಿಗೆ ಎರಡು ಶಾಟ್ ಕೊಡ್ತಾರಾ? ಅದು ತಪ್ಪು ನಿಯಮ. ಬಾಲ್ ಇನ್ ಹ್ಯಾಂಡ್ ಕೊಡಬೇಕು, ವೈಟ್ ಎಲ್ಲಿ ಬೇಕಾದ್ರೂ ಇಟ್ಕೊಳ್ಳಬಹುದು.

ಮಾರ್ಕರ್ ಮಗ, ಹುಬ್ಬಳ್ಳಿ: ತಪ್ಪು ಅನ್ನಾಕ ನೀವ್ಯಾರ್ರಿ? ಎರಡು ಶಾಟ್ ಇಂಗ್ಲೆಂಡ್ ಕಡೆ ಪಬ್ಬಿನ ಪದ್ಧತಿ. ಅಮೆರಿಕಾಕ್ಕ ಹೋದವರಿಗೆ ಊರಾಗಿಂದೆಲ್ಲಾ ತಪ್ಪ ಕಾಣ್ತದ. ಸ್ನೂಕರ್ ಹುಟ್ಟಿದ್ದ ನಮ್ಮ ಊಟಿಯಾಗ, ಮರೀಬ್ಯಾಡ್ರಿ.

ಒಂಬತ್ತನೇ ಚೆಂಡು: ಹುಟ್ಟಿದ್ದು ಜಬಲ್‌ಪುರದಲ್ಲಿ, 1875ರಲ್ಲಿ, ಬ್ರಿಟಿಷ್ ಸೈನ್ಯದ ಮೆಸ್‌ನಲ್ಲಿ. ಊಟಿ ಕ್ಲಬ್‌ನಲ್ಲಿ ನಿಯಮ ಬರೆದು ಗೋಡೆಗೆ ಹಾಕಿದ್ದು 1882ರಲ್ಲಿ. ಎರಡೂ ಮಾಡಿದ್ದು ನಮ್ಮವರಲ್ಲ, ಮೀಸೆ ತಿರುವೋಕೆ ಏನಿದೆ?

ಎಡಗೈ ಹುಡುಗ: ಎಲ್ಲರಿಗೂ ಥ್ಯಾಂಕ್ಸ್. ಕನ್ನಡಕದ ಬಗ್ಗೆ ಯಾರಾದ್ರೂ ಹೇಳ್ತೀರಾ? ಗಲ್ಲ ಕ್ಯೂಗೆ ತಾಗಿಸಿ ಬಗ್ಗಿದ್ರೆ ಫ್ರೇಮ್ ಅಂಚು ಅಡ್ಡ ಬಂದು ಎರಡು ಚೆಂಡು ಕಾಣುತ್ತೆ.

ಓಹಾಯೋ ಕನ್ನಡಿಗ: ಡೆನಿಸ್ ಟೇಲರ್ ನೆನಪಾದ್ರು! 1985ರ ವಿಶ್ವ ಸ್ನೂಕರ್ ಫೈನಲ್, ಸ್ಟೀವ್ ಡೇವಿಸ್ ವಿರುದ್ಧ 18-17, ಕೊನೇ ಸುತ್ತಿನ ಕೊನೇ ಕಪ್ಪು ಚೆಂಡಲ್ಲಿ ಗೆದ್ದರು. ತಲೆಕೆಳಗಾಗಿ ಹಾಕ್ಕೊಂಡಂಗೆ ಕಾಣೋ ದೊಡ್ಡ ಕನ್ನಡಕ. ಗಾಜು ಹುಬ್ಬಿನ ಮೇಲಕ್ಕೆ ಬರೋ ಹಾಗೆ ಮಾಡಿಸಿದ್ದು, ಬಗ್ಗಿದಾಗ ನೋಟ ಗಾಜಿನ ನಡುವಿಂದಲೇ ಹೋಗಲಿ ಅಂತ. ನಾನು ಲೆನ್ಸ್ ಹಾಕ್ಕೊಳ್ತೀನಿ. ಒಂದು ಸಲ, ಟಿಪ್‌ಗೆ ಹಚ್ಚೋ ಚಾಕ್ ಮೆತ್ತಿದ ಕೈಯಲ್ಲೇ ಕಣ್ಣು ಉಜ್ಜಿ ಮೂರು ದಿನ ಕೆಂಪು.

ಒಂಬತ್ತನೇ ಚೆಂಡು: ಗಲ್ಲ ಸ್ವಲ್ಪ ಮೇಲೆತ್ತಿ ನಿಂತ್ಕೊಳ್ಳಿ. ಪೂಲ್‌ನಲ್ಲಿ ಸ್ನೂಕರ್‌ನಷ್ಟು ಬಗ್ಗೋ ಅಗತ್ಯವಿಲ್ಲ.

ಮಾರ್ಕರ್ ಮಗ, ಹುಬ್ಬಳ್ಳಿ: ಮತ್ತ ಶುರು ಮಾಡಿದ್ರಲ್ಲ ಸ್ನೂಕರಿನ ಮ್ಯಾಲೆ.

ಎಡಗೈ ಹುಡುಗ: ಟಿಪ್ ಹಾರಿದವರೇ, ಆ ಬಾಗಿದ ಕ್ಯೂ ಕೊಡ್ತೀರಾ? ಬಾಟ್ಲಿ ಅಭ್ಯಾಸಕ್ಕೆ ಸಾಕು.

ಟಿಪ್ ಹಾರಿದವ: ಕೊಡಕ್ಕಾಗಲ್ಲ ಮಗಾ. ಅಮ್ಮ ಅದ್ರಲ್ಲೇ ಮೇಲಿನ ತಂತಿಯಿಂದ ಒಣಗಿದ ಬಟ್ಟೆ ತೆಗೀತಾರೆ. ಕೇಸ್ ಬೇಕಾದ್ರೆ 900ಕ್ಕೆ ಕೊಡ್ತೀನಿ, ಜಿಪ್ ಚೆನ್ನಾಗಿದೆ.

ಮಾರ್ಕರ್ ಮಗ, ಹುಬ್ಬಳ್ಳಿ: ಓಹಾಯೋದವ್ರ, ಎರಡು ಶಾಟಿನ ವಿಚಾರ ಇನ್ನೂ ಮುಗದಿಲ್ಲ.