ಆನ್‌ಲೈನ್ ಕಲಿಕಾ ಬಳಗಕ್ಕೆ ಸೇರುವವರ ಗುರುತು ಪರಿಶೀಲನೆ: ಆಧಾರ್ ಪ್ರತಿ ಕೇಳಬಹುದೇ?

ಪ್ರಶ್ನೆ (ಪ್ರೌಢಶಾಲಾ ಶಿಕ್ಷಕಿ, ಮಧುಗಿರಿ):
ಸರ್, ನಮಸ್ಕಾರ. ಮಧುಗಿರಿ ಶೈಕ್ಷಣಿಕ ಜಿಲ್ಲೆಯ ಕೆಲವು ಶಿಕ್ಷಕರು ಸೇರಿ ಎಸ್‌ಎಸ್‌ಎಲ್‌ಸಿ ಮಕ್ಕಳಿಗಾಗಿ ಆನ್‌ಲೈನ್ ಕಲಿಕಾ ಬಳಗವೊಂದನ್ನು ನಡೆಸುತ್ತಿದ್ದೇವೆ. ಪಾವಗಡ, ಶಿರಾ, ಕೊರಟಗೆರೆಯ ಮಕ್ಕಳೂ ಇದ್ದಾರೆ. ಸೇರುವ ಲಿಂಕ್ ಎಲ್ಲೆಲ್ಲೋ ಹರಿದಾಡಿದ್ದರಿಂದ ಅಪರಿಚಿತನೊಬ್ಬ ಶಿಕ್ಷಕನೆಂದು ಹೇಳಿಕೊಂಡು ಒಳಬಂದು, ಇಬ್ಬರು ವಿದ್ಯಾರ್ಥಿನಿಯರಿಗೆ ಖಾಸಗಿಯಾಗಿ ಸಂದೇಶ ಕಳುಹಿಸಿದ್ದಾನೆ. ಅವನನ್ನು ಬಳಗದಿಂದ ತೆಗೆದಿದ್ದೇವೆ. ಇನ್ನು ಮುಂದೆ ಎಲ್ಲರಿಂದಲೂ ಆಧಾರ್ ಕಾರ್ಡಿನ ಫೋಟೊ ತರಿಸಿಕೊಳ್ಳೋಣ ಎಂಬುದು ಸಹೋದ್ಯೋಗಿಗಳ ಅಭಿಪ್ರಾಯ. ಇದು ಸರಿಯೇ?

ಉತ್ತರ (ಮಾಹಿತಿ ಸುರಕ್ಷತಾ ಸಲಹೆಗಾರ, ತುಮಕೂರು):
ನಮಸ್ಕಾರ ಮೇಡಂ. ಮೊದಲು ಆ ಇಬ್ಬರು ಮಕ್ಕಳ ವಿಷಯ. ಅವರಿಗೆ ಬಂದ ಸಂದೇಶಗಳನ್ನು ಅಳಿಸಬೇಡಿ. ಸ್ಕ್ರೀನ್‌ಶಾಟ್, ಫೋನ್ ಸಂಖ್ಯೆ, ದಿನಾಂಕಗಳನ್ನು ಉಳಿಸಿಕೊಂಡು, ಪೋಷಕರಿಗೆ ತಿಳಿಸಿ, ಸೈಬರ್ ಅಪರಾಧಗಳನ್ನು ನೋಡಿಕೊಳ್ಳುವ ಜಿಲ್ಲೆಯ ಸೆನ್ ಪೊಲೀಸ್ ಠಾಣೆಗೆ ದೂರು ಕೊಡಿ. ಸಂದೇಶಗಳು ಲೈಂಗಿಕ ಸ್ವರೂಪದವಾಗಿದ್ದರೆ, ವಿಷಯ ತಿಳಿದವರು ಪೊಲೀಸರಿಗೆ ವರದಿ ಮಾಡುವುದು 2012ರ ಪೋಕ್ಸೊ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಕಡ್ಡಾಯ. ಮಕ್ಕಳ ಸಹಾಯವಾಣಿ 1098ಕ್ಕೂ ಕರೆ ಮಾಡಬಹುದು.

ಇನ್ನು ಆಧಾರ್ ಫೋಟೊ. ದಯವಿಟ್ಟು ಕೇಳಬೇಡಿ. ಫೋಟೊದಲ್ಲಿರುವ ಹೆಸರನ್ನು ಯಾರು ಬೇಕಾದರೂ ಮೊಬೈಲಿನಲ್ಲೇ ತಿದ್ದಬಹುದು. ಕಾರ್ಡು ಅಸಲಿಯಾಗಿದ್ದರೂ ಅದನ್ನು ಕಳುಹಿಸಿದವನೇ ಅದರ ಒಡೆಯ ಎಂಬುದಕ್ಕೆ ಖಾತರಿಯಿಲ್ಲ, ಅವನು ಶಿಕ್ಷಕನೆಂಬುದಕ್ಕಂತೂ ಅದು ಸಾಕ್ಷಿಯೇ ಅಲ್ಲ. ಇತ್ತ ನೂರಾರು ಮಕ್ಕಳ ಆಧಾರ್ ಸಂಖ್ಯೆ, ಜನ್ಮದಿನಾಂಕ, ವಿಳಾಸಗಳು ನಿಮ್ಮೊಬ್ಬರ ಮೊಬೈಲಿನಲ್ಲಿ ಕೂಡಿಬೀಳುತ್ತವೆ, ಆ ಮೊಬೈಲ್ ಕಳೆದರೆ ಹೊಣೆ ನಿಮ್ಮದಾಗುತ್ತದೆ. ಶಾಲಾ ದಾಖಲಾತಿಗೇ ಆಧಾರ್ ಕಡ್ಡಾಯವಲ್ಲವೆಂದು ಸುಪ್ರೀಂ ಕೋರ್ಟ್ 2018ರ ಸೆಪ್ಟೆಂಬರ್‌ನಲ್ಲಿ ಹೇಳಿರುವಾಗ, ಪಾಠದ ಬಳಗವೊಂದಕ್ಕೆ ಅದನ್ನು ಕೇಳುವುದು ನನಗೆ ಒಪ್ಪಿಗೆಯಾಗುವುದಿಲ್ಲ. 2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ 18 ವರ್ಷದೊಳಗಿನವರ ಮಾಹಿತಿ ಬಳಸಲು ಪೋಷಕರ ಪರಿಶೀಲಿಸಬಹುದಾದ ಒಪ್ಪಿಗೆ ಬೇಕೆನ್ನುತ್ತದೆ. ಸೇರುವವರ ಫೋನಿಗೆ ಒಟಿಪಿ ಕಳುಹಿಸಿ ಪರಿಶೀಲಿಸಿದರೆ ಸಾಲದೇ ಎನ್ನುವವರಿದ್ದಾರೆ. ಆ ಫೋನ್ ಸಂಖ್ಯೆ ಸದ್ಯ ಅವರ ಕೈಯಲ್ಲಿದೆ ಎನ್ನುವುದಕ್ಕಿಂತ ಹೆಚ್ಚಿನದೇನನ್ನೂ ಅದು ಹೇಳುವುದಿಲ್ಲ.

ನಿಮ್ಮ ಕೈಯಲ್ಲಿ ಇದಕ್ಕಿಂತ ಗಟ್ಟಿಯಾದ ಸಾಧನವೊಂದಿದೆ: ಪ್ರತಿ ವಿದ್ಯಾರ್ಥಿಯನ್ನೂ ಮುಖ ನೋಡಿ ಗುರುತಿಸಬಲ್ಲ ತರಗತಿ ಶಿಕ್ಷಕರು ಆಯಾ ಶಾಲೆಯಲ್ಲೇ ಇದ್ದಾರೆ. ತೆರೆದ ಲಿಂಕನ್ನು ರದ್ದುಮಾಡಿ. ಪ್ರತಿ ಶಾಲೆಯಿಂದ ಒಬ್ಬ ಶಿಕ್ಷಕರನ್ನು ಹೊಣೆಗಾರರನ್ನಾಗಿಸಿ, ಅವರು ಹಾಜರಿ ಪುಸ್ತಕ ನೋಡಿ ಒಪ್ಪಿದ ಮಕ್ಕಳನ್ನಷ್ಟೇ ಸೇರಿಸಿಕೊಳ್ಳಿ. ಹೆಸರು, ಶಾಲೆ, ತರಗತಿ ಇಷ್ಟೇ ಸಾಕು, ಶಿಕ್ಷಣ ಇಲಾಖೆ ಪ್ರತಿ ವಿದ್ಯಾರ್ಥಿಗೆ ಕೊಡುವ ಸ್ಯಾಟ್ಸ್ ಸಂಖ್ಯೆಯೂ ಬೇಡ. ನಿಜವಾದ ಬಿಗಿ ಬೇಕಿರುವುದು ದೊಡ್ಡವರ ವಿಷಯದಲ್ಲಿ. ಶಿಕ್ಷಕನೆಂದು ಸೇರಬಯಸುವವರ ಶಾಲೆಯ ಮುಖ್ಯೋಪಾಧ್ಯಾಯರಿಗೆ ನೀವೇ ಕರೆ ಮಾಡಿ ಕೇಳಿ, ಆದರೆ ಸೇರಬಯಸುವವರು ಕೊಟ್ಟ ಸಂಖ್ಯೆಗಲ್ಲ. ಕ್ಷೇತ್ರ ಶಿಕ್ಷಣಾಧಿಕಾರಿ ಕಚೇರಿಯಿಂದ ಪಡೆದ ಸಂಖ್ಯೆಗೆ. ಪ್ರತಿ ಶಾಲೆಗೂ ಇರುವ ಗುರುತಿನ ಸಂಖ್ಯೆಯಾದ ಯುಡೈಸ್ ಸಂಖ್ಯೆ ಹೇಳಿದರೆಂದು ನಂಬಬೇಡಿ. 11 ಅಂಕಿಯ ಆ ಸಂಖ್ಯೆ ಅಂತರ್ಜಾಲದಲ್ಲಿ ಯಾರಿಗಾದರೂ ಸಿಗುತ್ತದೆ. ಸದಸ್ಯರ ಫೋನ್ ಸಂಖ್ಯೆ ಪರಸ್ಪರ ಕಾಣದಂತಹ, ವಿದ್ಯಾರ್ಥಿಗಳಿಗೆ ಖಾಸಗಿ ಸಂದೇಶ ಹೋಗದಂತಹ ವ್ಯವಸ್ಥೆಗೆ ಬಳಗವನ್ನು ಬದಲಾಯಿಸಿಕೊಳ್ಳುವುದು ಇವೆಲ್ಲಕ್ಕಿಂತ ಮುಖ್ಯ.

ಮರುಪ್ರಶ್ನೆ (ಅದೇ ಶಿಕ್ಷಕಿ):
ಧನ್ಯವಾದ ಸರ್. ನಮ್ಮಲ್ಲಿ ಅನೇಕ ಮನೆಗಳಲ್ಲಿ ಇರುವುದು ಅಪ್ಪನ ಮೊಬೈಲ್ ಒಂದೇ, ಖಾತೆಯಲ್ಲಿ ಕಾಣುವುದೂ ಅಪ್ಪನ ಹೆಸರೇ. ಬೇರೆ ಜಿಲ್ಲೆಯ ಶಿಕ್ಷಕರು ಸೇರಬಯಸಿದರೆ ಗುರುತಿನ ದಾಖಲೆ ನೋಡಲೇಬೇಕಾಗಬಹುದಲ್ಲವೇ?

ಉತ್ತರ:
ಒಂದೇ ಮೊಬೈಲ್ ಇರುವ ಮನೆಯನ್ನು ಹೊರಗಿಡಬಾರದು. ಈ ಬಳಗದ ಅಗತ್ಯ ಹೆಚ್ಚಿರುವುದು ಆ ಮಕ್ಕಳಿಗೇ. ಪೋಷಕರ ಸಂಖ್ಯೆಯನ್ನೇ ನೋಂದಾಯಿಸಿ, ಅದರೆದುರು ಮಗುವಿನ ಹೆಸರು ಬರೆದುಕೊಳ್ಳಿ. ಪೋಷಕರ ಸಭೆಗೆ ಬಂದಾಗ ಒಪ್ಪಿಗೆ ಪತ್ರಕ್ಕೆ ಸಹಿ ಪಡೆದರೆ, ಆ ಸಂಖ್ಯೆ ಅವರದೇ ಎಂಬುದನ್ನೂ ಅಲ್ಲೇ ಖಚಿತಪಡಿಸಿಕೊಳ್ಳಬಹುದು.

ಹೊರ ಜಿಲ್ಲೆಯ ಶಿಕ್ಷಕರಾದರೆ ವಿಡಿಯೊ ಕರೆಯಲ್ಲಿ ಶಾಲೆಯ ಗುರುತಿನ ಚೀಟಿಯನ್ನು ಮುಖದ ಪಕ್ಕ ಹಿಡಿದು ತೋರಿಸಲಿ, ಜೊತೆಗೆ ಅವರ ಮುಖ್ಯೋಪಾಧ್ಯಾಯರನ್ನೂ ವಿಚಾರಿಸಿ. ಚೀಟಿಯಿಲ್ಲದೆ ತಾವಾಗಿಯೇ ಆಧಾರ್ ತೋರಿಸುತ್ತೇವೆಂದರೆ, ಕೊನೆಯ ನಾಲ್ಕು ಅಂಕಿಗಳು ಮಾತ್ರ ಕಾಣುವ ಮಾಸ್ಕ್ಡ್ ಆಧಾರ್ ತೋರಿಸಲಿ. ನೋಡಿ ಬಿಡಿ, ಪ್ರತಿ ಇಟ್ಟುಕೊಳ್ಳಬೇಡಿ. ಯಾರು, ಯಾವ ದಿನ, ಯಾವ ಬಗೆಯಲ್ಲಿ ಪರಿಶೀಲಿಸಿದರು ಎಂದಷ್ಟೇ ನಿಮ್ಮ ಪಟ್ಟಿಯಲ್ಲಿ ಬರೆದಿಡಿ. ಪರೀಕ್ಷೆ ಮುಗಿದು ಮಕ್ಕಳು ಶಾಲೆ ಬಿಟ್ಟ ಮೇಲೆ ಆ ವರ್ಷದ ಪಟ್ಟಿಯನ್ನೂ ಅಳಿಸಿಹಾಕಿ.