ಸರ್ಕಾರಿ ಪ್ರೈಮರಿ ಶಾಲೆಗೆ ರೋಬೋಟಿಕ್ಸ್ ಕಿಟ್ ಕೊಡ್ಸೋದಾ ಬೇಡ್ವಾ? ಗೊತ್ತಿರೋರು ಹೇಳಿ

ಕೆರೆಏರಿ:
ಎಲ್ರಿಗೂ ನಮಸ್ಕಾರ. ತಿಪಟೂರು ಕಡೆ ನಮ್ಮೂರ ಸರ್ಕಾರಿ ಶಾಲೇಲಿ ಓದಿದೋನು ನಾನು, ಈಗ ಬೆಂಗಳೂರಲ್ಲಿ ಕೆಲ್ಸ. ನಮ್ಮ ಬ್ಯಾಚಿನವ್ರು ಸೇರಿ ಶಾಲೆಗೆ ಅಂತ 40 ಸಾವಿರ ಕೂಡಿಸಿದೀವಿ. ಒಂದು ಕಂಪನಿಯವ್ರು ಬಂದು ಡೆಮೊ ಕೊಟ್ರು, ರೋಬೋಟು ಕಪ್ಪು ಗೆರೆ ಹಿಡ್ಕೊಂಡು ತಾನೇ ಓಡ್ತು, ಮಕ್ಕಳು ಬಾಯಿ ಬಿಟ್ಕೊಂಡು ನೋಡಿದ್ವು, ಎಸ್‌ಡಿಎಂಸಿ ಅಧ್ಯಕ್ಷರು ಅಲ್ಲೇ ವಿಡಿಯೋ ಮಾಡಿ ಸ್ಟೇಟಸ್ಸೂ ಹಾಕಿದ್ರು. ನಾಲ್ಕು ಕಿಟ್‌ಗೆ 38 ಸಾವಿರ ಅಂತೆ. ಆದ್ರೆ ಡೆಮೊ ಮುಗಿಯೋವರ್ಗೂ ಒಂದು ಮಗೂನೂ ಅದನ್ನ ಮುಟ್ಲಿಲ್ಲ, ಅದೇ ತಲೇಲಿ ಕೊರೀತಾ ಇದೆ. 4, 5ನೇ ಕ್ಲಾಸ್ ಸೇರಿ 31 ಮಕ್ಕಳು, ಸೈನ್ಸ್‌ಗೆ ಒಬ್ರೇ ಟೀಚರು, ಕಂಪ್ಯೂಟರ್ ಎರಡಿವೆ, ಆನ್ ಆಗೋದು ಒಂದು. ಅಟಲ್ ಲ್ಯಾಬ್‌ಗೆ (ಮಕ್ಕಳು ಕೈಯಾರೆ ಮಾಡಿ ಕಲಿಯೋಕೆ ಕೇಂದ್ರ ಸರ್ಕಾರ ಶಾಲೆಗೆ ದುಡ್ಡು ಕೊಡೋ ಲ್ಯಾಬ್) ಅರ್ಜಿ ಹಾಕಿ, 20 ಲಕ್ಷ ಸಿಗುತ್ತೆ ಅಂತಾನೂ ಯಾರೋ ಅಂದ್ರು. ಏನ್ ಮಾಡೋಣ?

ಸಾಲಿಮಾಸ್ತರ:
ಸರ, ಅಟಲ್ ಲ್ಯಾಬ್ 6ರಿಂದ 12ನೇತ್ತಾ ಹುಡುಗ್ರಿಗೆ ಐತ್ರಿ. 20 ಲಕ್ಷದ ಮಾತು ಖರೆ, ಆದ್ರ ನಿಮ್ಮ 4, 5ನೇತ್ತಾದವ್ರು ಅದರಾಗ ಬರಂಗಿಲ್ಲ.

ಇನ್ನ ಕಿಟ್ಟು. ನಮ್ಮ ಸಾಲ್ಯಾಗೂ ದಾನಿಗಳು ಕೊಟ್ಟಿದ್ದು ಅದಾವ, ಕಪಾಟಿನ್ಯಾಗ. ಹೆಡ್‌ಮಾಸ್ತರು ಕೀಲಿ ಹಾಕಿಟ್ಟಾರ, ಯಾರರ ದೊಡ್ಡವ್ರು ಬಂದಾಗ ಹೊರಗ ತಗದು ಧೂಳ ಝಾಡಿಸಿ ಇಡ್ತೀವಿ. ಅವ್ರದೂ ತಪ್ಪಲ್ರಿ, ಸ್ಟಾಕ್ ರಜಿಸ್ಟರ್‌ದಾಗ ಏರಿದ ಸಾಮಾನು, ಒಂದು ಸೆನ್ಸಾರ್ ಕಮ್ಮಿ ಬಿತ್ತಂದ್ರ ಉತ್ತರ ಕೊಡಾವ್ರು ಅವ್ರ.

ನಾ ಏನ್ ಮಾಡಿದೆ ಅಂದ್ರ, ಹುಡುಗ್ರ ಕೈಲೆ ಸಣ್ಣ ಮೋಟರ್ ಮಾಡಸಾಕ ಪಂಪ್‌ಸೆಟ್ ವೈಂಡಿಂಗ್ ಮಾಡೋ ಅಂಗಡ್ಯಾಗ ಉಳಿದ ತಾಮ್ರದ ತಂತಿ ಇಸ್ಕೊಂಡ್ ಬಂದೆ. ದಪ್ಪ ಸೆಲ್ಲಿನ ಮ್ಯಾಲ ಹತ್ತು ಹದಿನೈದು ಸುತ್ತು ಸುತ್ತಿ ಉಂಗುರ ಮಾಡೂದು, ಎರಡು ಸೇಫ್ಟಿ ಪಿನ್ ಸೆಲ್ಲಿನ ಎರಡೂ ತುದಿಗೆ ಸೈಕಲ್ ಟ್ಯೂಬಿನ ತುಂಡಿಲೆ ಬಿಗಿಯೂದು, ಉಂಗುರದ ಎರಡೂ ತುದಿ ಪಿನ್ನಿನ ತೂತಿನ್ಯಾಗ ಕುಂದರಸೂದು, ಕೆಳಗ ಹಳೇ ಸ್ಪೀಕರಿನ ಮ್ಯಾಗ್ನೆಟ್. ತಂತಿ ಮ್ಯಾಲಿನ ವಾರ್ನಿಶ್ ಒಂದು ತುದಿಗೆ ಪೂರಾ ಕೆರೀಬೇಕು, ಇನ್ನೊಂದು ತುದಿಗೆ ಒಂದ ಮಗ್ಗಲಾ ಅಷ್ಟ. ಒಬ್ಬಾಕಿ ಎರಡೂ ತುದಿ ಪೂರಾ ಕೆರದುಬಿಟ್ಟಿದ್ಲು, ಉಂಗುರ ತೊಟ್ಟಲಗತೆ ತೂಗತಿತ್ತ ಹೊರ್ತು ತಿರಗವಲ್ದು. ಯಾಕ ಅಂತ ಎರಡು ದಿನ ಕೇಳಿದ್ಲು, ನಾ ಹೇಳಲಿಲ್ಲ. ಮೂರನೇ ದಿನ ಅಕ್ಕನ ನೇಲ್ ಪಾಲಿಶ್ ತಂದು ಒಂದು ಮಗ್ಗಲಿಗೆ ಬಳದು, ಆರೂತನಕ ಊದಿ ಇಟ್ಲು ನೋಡ್ರಿ, ಗರಗರ ತಿರಗಿತು! ಅರ್ಧ ಸುತ್ತು ಕರೆಂಟ್ ನೂಕತೈತಿ, ಉಳಿದರ್ಧಕ್ಕ ಅದು ಬಂದ್ ಇದ್ರನ ಹಿಂದಕ್ಕ ಜಗ್ಗಂಗಿಲ್ಲ, ಅದನ್ನ ಆಕಿನ ಎಲ್ಲಾರಿಗೂ ತಿಳಿಸಿ ಹೇಳಿದ್ಲು.

ಎಸ್‌ಪಿರೋಡ್ ಗಿರಾಕಿ:
ಮಾಸ್ತರು ಹೇಳಿದ್ದು ನೂರಕ್ಕೆ ನೂರು. ಆ ಗೆರೆ ಹಿಡಿದು ಓಡೋ ಗಾಡಿ ನಾನೂ ಒಂದು ಶಾಲೇಲಿ ಮಾಡ್ಸಿ ಮೂತಿಗೆ ಹೊಡ್ಸ್ಕೊಂಡಿದೀನಿ, 9 ವೋಲ್ಟಿನ ಚೌಕದ ಬ್ಯಾಟರಿ ಹಾಕಿದ್ವಿ, ಅದಕ್ಕೆ ಎರಡು ಮೋಟರ್ ಎಳೆಯೋವಷ್ಟು ಕರೆಂಟ್ ಕೊಡೋಕಾಗಲ್ಲ, ಮೇಲಿಂದ ಮೋಟರ್ ಓಡ್ಸೋ ಎಲ್298 ಡ್ರೈವರ್ ಬೋರ್ಡೇ ಹತ್ತತ್ರ 2 ವೋಲ್ಟ್ ನುಂಗುತ್ತೆ, ಗಾಡಿ ನಿಂತಲ್ಲೇ ನಡುಗ್ತಾ ಇತ್ತು, ಮಕ್ಕಳು ಪ್ರೋಗ್ರಾಮ್ ತಪ್ಪು ಅನ್ಕೊಂಡು ಅದನ್ನೇ ತಿದ್ದಿದ್ದೂ ತಿದ್ದಿದ್ದೇ.

4, 5ನೇ ಕ್ಲಾಸಿಗೆ ತಂತಿ ರಿಮೋಟ್ ಗಾಡಿ ಮಾಡ್ಸಿ. ಹಳದಿ ಬಿಓ ಮೋಟರ್ (ಸೆಲ್ಲಲ್ಲಿ ಓಡೋ ಗೇರ್ ಮೋಟರ್) 2, ಚಕ್ರ 2, ಪೆನ್ಸಿಲ್ ಸೆಲ್ 4, ಡಿಪಿಡಿಟಿ ಸ್ವಿಚ್ 2 (ಮೋಟರನ್ನ ಮುಂದಕ್ಕೂ ಹಿಂದಕ್ಕೂ ತಿರುಗಿಸೋ ಸ್ವಿಚ್ಚು, ನಡುವೆ ಆಫ್ ಇರೋದೇ ಕೇಳಿ), ಬಾಡಿಗೆ ರಟ್ಟು. ಸ್ವಿಚ್ಚಿಗೆ ಆರು ಕಾಲಿರುತ್ತೆ, ಮಧ್ಯದ ಎರಡಕ್ಕೆ ಮೋಟರು, ಒಂದು ತುದಿ ಎರಡಕ್ಕೆ ಬ್ಯಾಟರಿ, ಅಲ್ಲಿಂದ ಇನ್ನೊಂದು ತುದಿಗೆ ತಂತಿ ಕತ್ತರಿ ಥರ ಅಡ್ಡಡ್ಡ. ಮುಂದೆ, ಹಿಂದೆ ಎರಡೂ ಆಯ್ತು. ಎಡಕ್ಕೆ ತಿರುಗ್ಬೇಕಂದ್ರೆ ಎಡಗಡೆ ಚಕ್ರ ನಿಲ್ಲಿಸ್ಬೇಕು ಅನ್ನೋದು ಮಕ್ಕಳಿಗೆ ಕೈಗೇ ಗೊತ್ತಾಗ್ಬಿಡುತ್ತೆ. ಹೋದ್ಸಲ ನಾನು ಸಾಮಾನು ತಂದಾಗ ಒಂದು ಗಾಡಿಗೆ 300 ದಾಟ್ಲಿಲ್ಲ, ಹತ್ತು ಗಾಡಿ ಮಾಡಿದ್ರೆ ಮೂರು ಮಕ್ಕಳಿಗೊಂದು. ಲಿಥಿಯಂ ಸೆಲ್ ಬೇಡ್ವೇ ಬೇಡ, ಬಟನ್ ಸೆಲ್ಲೂ ಮನೆಗೆ ಕೊಟ್ಟು ಕಳಿಸ್ಬೇಡಿ, ತಮ್ಮ ತಂಗೀರು ನುಂಗಿದ್ರೆ ಕಷ್ಟ.

ಮಲ್ಲಿಗೆಮೊಗ್ಗು:
ನಂಗೆ ಪೂರ್ತಿ ಒಪ್ಗೆ ಇಲ್ಲ. ಸಿಟಿ ಮಕ್ಕಳಿಗೆ ಕೋಡಿಂಗು, ಹಳ್ಳಿ ಮಕ್ಕಳಿಗೆ ಸೆಲ್ಲು ತಂತಿ ಸಾಕು ಅನ್ನೋ ಥರ ಕೇಳಿಸ್ತಿದೆ. ಒಂದೆರಡು ಮೈಕ್ರೋಬಿಟ್ (ಮಕ್ಕಳು ಪ್ರೋಗ್ರಾಮ್ ಬರೆದು ಓಡ್ಸೋ ಪುಟ್ಟ ಕಂಪ್ಯೂಟರ್ ಬೋರ್ಡು) ಆದ್ರೂ ಇರ್ಲಿ, 25 ಪುಟಾಣಿ ಎಲ್‌ಇಡಿ, ಅಲುಗಾಡಿಸಿದ್ರೆ ಗೊತ್ತಾಗೋ ಸೆನ್ಸರ್ರು ಎಲ್ಲ ಅದರ ಮೈಮೇಲೇ ಇದೆ, ತಂತಿ ಗೋಜಿಲ್ಲ, ಆನ್ ಆಗೋ ಆ ಒಂದು ಕಂಪ್ಯೂಟರೇ ಸಾಕು.

ಸಾಲಿಮಾಸ್ತರ:
ಅಕ್ಕಾರ, ಬ್ಯಾಡ ಅಂದಿಲ್ರಿ, ಮೊದಲ ಯಾವುದು ಅನ್ನೂದಷ್ಟ ನನ್ನ ಮಾತು. ಮತ್ತ ಕೆರೆಏರಿ ಸರ, ರೊಕ್ಕ ಎಲ್ಲಾ ಒಮ್ಮೆಲೇ ಖರ್ಚ ಮಾಡಬ್ಯಾಡ್ರಿ. ಸೆಲ್ ತೀರತಾವ, ತಂತಿ ಹರಿತಾವ, ಅದಕ್ಕಂತ ವರ್ಷಾ ಒಂದೀಟು ಟೀಚರ್ ಕೈಯಾಗ ಕೊಡ್ರಿ, ರಜಿಸ್ಟರ್‌ದಾಗ ‘ಖರ್ಚಾಗುವ ಸಾಮಗ್ರಿ’ ಅಂತ ಬರಸ್ರಿ. ಮುರದ್ರ ಯಾರೂ ಕೇಳಂಗಿಲ್ಲ.

ಕೆರೆಏರಿ:
ಆ ‘ಖರ್ಚಾಗುವ ಸಾಮಗ್ರಿ’ ಐಡಿಯಾಗೆ ದೊಡ್ಡ ನಮಸ್ಕಾರ ಮಾಸ್ತರೇ. ಕಂಪನಿಯವ್ರಿಗೆ ಬೇಡ ಅಂದ್ವಿ, ಅಧ್ಯಕ್ಷರು ಸ್ವಲ್ಪ ಮುಖ ಊದಿಸ್ಕೊಂಡಿದಾರೆ. ಹತ್ತು ಗಾಡಿ ಸಾಮಾನು, ಒಂದು ಮೈಕ್ರೋಬಿಟ್, ಮಿಕ್ಕಿದ್ದು ಟೀಚರ್ ಹತ್ರ. ಗಿರಾಕಿ ಸರ್, ಈ ಶನಿವಾರ ಎಲೆಕ್ಟ್ರಾನಿಕ್ಸ್ ಸಾಮಾನು ತರೋಕೆ ಎಸ್‌ಪಿ ರೋಡ್‌ಗೆ ಬರ್ತೀನಿ, ನೀವೂ ಬರೋಕಾಗುತ್ತಾ? ಡಿಪಿಡಿಟಿ ಅಂತ ಕೇಳಿದ್ರೆ ಏನು ಕೊಡ್ತಾರೋ ಅಂತ ಭಯ ನಂಗೆ.